ಬೆಳಕಿನ ಕಣ ಎಷ್ಟು ದೊಡ್ಡದು? ಎಲೆಕ್ಟ್ರಾನಿಗಿಂತ ಚಿಕ್ಕದಾ?

ನಿಮ್ಮ ಮಗಳು ಎಂಟನೇ ಕ್ಲಾಸು, ಫೋಟಾನ್ (ಅಂದರೆ ಬೆಳಕಿನ ಕಣ) ಎಷ್ಟು ದೊಡ್ಡದು, ಎಲೆಕ್ಟ್ರಾನಿಗಿಂತ ಚಿಕ್ಕದಾ ದೊಡ್ಡದಾ ಅಂತ ಕೇಳುತ್ತಿದ್ದಾಳೆ ಎಂದು ಬರೆದಿದ್ದೀರಿ. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಹೆಚ್ಚುಕಮ್ಮಿ ಪ್ರತಿ ವರ್ಷ ಯಾರಾದರೂ ಒಬ್ಬರು ಇದನ್ನು ಕೇಳುತ್ತಾರೆ. ಕೇಳಿದಾಗೆಲ್ಲ ನನಗೆ ತುಂಬ ಖುಷಿಯಾಗುತ್ತದೆ.

ಮೊದಲು ನೇರ ಉತ್ತರ. ಗೋಲಿಗೆ ಇರುವಂಥ ಗಾತ್ರ ಫೋಟಾನಿಗೆ ಇಲ್ಲ. ಎಲೆಕ್ಟ್ರಾನಿನ ಗಾತ್ರ ಈವರೆಗೆ ಯಾವ ಅಳತೆಗೂ ಸಿಕ್ಕಿಲ್ಲ. ಪರಮಾಣುವಿನ ನಡುಭಾಗದಲ್ಲಿರುವ ಪ್ರೋಟಾನಿಗೆ ಮಾತ್ರ ಗಾತ್ರ ಇದೆ, ಅದನ್ನು ಅಳೆದಿದ್ದಾರೆ.

ಮನೆಯಲ್ಲಿ ಮೈಕ್ರೋವೇವ್ ಓವನ್ ಇದ್ದರೆ ಅದರ ಬಾಗಿಲನ್ನು ಮಗಳಿಗೆ ತೋರಿಸಿ. ಗಾಜಿನ ಹಿಂದೆ ತೂತು ತೂತಾದ ಲೋಹದ ತಗಡು ಇರುತ್ತದೆ. ಒಂದೊಂದು ತೂತು ಒಂದೆರಡು ಮಿಲಿಮೀಟರ್ ಅಷ್ಟೇ. ಒಳಗಿನ ಬಲ್ಬಿನ ಬೆಳಕು ಅದರಲ್ಲಿ ಆರಾಮಾಗಿ ತೂರಿ ಬರುತ್ತದೆ, ತಟ್ಟೆಯಲ್ಲಿರುವ ಅನ್ನ ಕಾಣುತ್ತದೆ. ಅನ್ನವನ್ನು ಬಿಸಿ ಮಾಡುವ ಅಲೆ ಮಾತ್ರ ಒಳಗೇ ಉಳಿಯುತ್ತದೆ. ಎರಡೂ ಫೋಟಾನುಗಳೇ, ಅಲ್ವಾ? ವ್ಯತ್ಯಾಸ ಇರುವುದು ತರಂಗಾಂತರದಲ್ಲಿ, ಅಂದರೆ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರದಲ್ಲಿ. ಓವನ್ನಿನ ಅಲೆಯದು ಸುಮಾರು 12 ಸೆಂಟಿಮೀಟರ್. ಕಣ್ಣಿಗೆ ಕಾಣುವ ಬೆಳಕಿನದು 400ರಿಂದ 700 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಹಾಗಂತ ಓವನ್ನಿನೊಳಗೆ 12 ಸೆಂಟಿಮೀಟರಿನ ಚೆಂಡುಗಳು ಹಾರಾಡುತ್ತಿವೆ ಅಂತ ಅಂದುಕೊಳ್ಳಬಾರದು.

ಯಾಕೆಂದರೆ ಇನ್ನೊಂದು ಅಳತೆಯೂ ಇದೆ. ಎಲ್ಇಡಿ ಬರುವ ಮುಂಚೆ ಬೀದಿಯಲ್ಲಿ ಹಳದಿ ಸೋಡಿಯಂ ದೀಪಗಳಿದ್ದವಲ್ಲ, ಆ ಹಳದಿಯ ತರಂಗಾಂತರ 589 ನ್ಯಾನೋಮೀಟರ್. ಆದರೆ ಸೋಡಿಯಂ ಪರಮಾಣು ಅದನ್ನು ಚಿಟಿಕೆ ಹೊಡೆದ ಹಾಗೆ ಬಿಡುವುದಿಲ್ಲ, ಸರಾಸರಿ 16 ನ್ಯಾನೋಸೆಕೆಂಡ್ (ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ 16 ಪಾಲು) ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಬೆಳಕು ಸುಮಾರು 5 ಮೀಟರ್ ಓಡಿರುತ್ತದೆ. ಹಾಗಾಗಿ ಒಂಟಿ ಪರಮಾಣುವಿನಿಂದ ಹೊರಟ ಒಂದೇ ಫೋಟಾನಿನ ಅಲೆ 5 ಮೀಟರ್ ಉದ್ದಕ್ಕೆ ಹರಡಿರಬಹುದು! (ದೀಪದೊಳಗೆ ಪರಮಾಣುಗಳು ಡಿಕ್ಕಿ ಹೊಡೆಯುತ್ತಿರುವುದರಿಂದ ಅಲ್ಲಿ ಅಲೆ ಇಷ್ಟು ಉದ್ದ ಇರುವುದಿಲ್ಲ.) ಅದೇ ಫೋಟಾನ್ ಕಣ್ಣಿಗೆ ಬಿದ್ದರೆ ಅದನ್ನು ಹೀರಿಕೊಳ್ಳುವುದು ರೆಟಿನಾದ ಒಂದೇ ಒಂದು ಅಣು. ಆ ಅಣು ಕೆಲವೇ ನ್ಯಾನೋಮೀಟರ್ ಅಗಲದ್ದು. ಅರ್ಧ ಇಲ್ಲಿ, ಅರ್ಧ ಪಕ್ಕದಲ್ಲಿ ಅಂತ ಫೋಟಾನ್ ಹಂಚಿಹೋಗುವುದಿಲ್ಲ. ಸಿಕ್ಕರೆ ಇಡಿಯಾಗಿ ಒಂದು ಕಡೆ ಸಿಗುತ್ತದೆ. ಇದನ್ನು ಪಾಠ ಮಾಡುವಾಗ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. 589 ನ್ಯಾನೋಮೀಟರ್, 5 ಮೀಟರ್, ಒಂದು ಅಣು: ಇದರಲ್ಲಿ ಯಾವುದನ್ನು ಅದರ ಗಾತ್ರ ಅನ್ನೋಣ?

ಎಲೆಕ್ಟ್ರಾನಿನ ಕಥೆಯೂ ಸ್ವಲ್ಪ ಹೀಗೇ. ಹೈಡ್ರೋಜನ್ ಪರಮಾಣುವಿನಲ್ಲಿ ಅದು ಪರಮಾಣುವಿನಷ್ಟು ಅಗಲಕ್ಕೆ ಹರಡಿರುತ್ತದೆ. ಜೋರಾಗಿ ಡಿಕ್ಕಿ ಹೊಡೆಸಿ ನೋಡಿದರೆ ಬರೀ ಚುಕ್ಕಿಯ ಹಾಗೆ ವರ್ತಿಸುತ್ತದೆ. ಅದಕ್ಕೆ ಗಾತ್ರ ಅಂತ ಇದ್ದರೂ ಪ್ರೋಟಾನಿನ ಸಾವಿರದಲ್ಲಿ ಒಂದು ಪಾಲಿಗಿಂತ ಜಾಸ್ತಿ ಇರಲಾರದು.

ಪ್ರೋಟಾನ್ ಬೇರೆ ಥರ. ಅದರೊಳಗೆ ಕ್ವಾರ್ಕು ಎಂಬ ಇನ್ನೂ ಚಿಕ್ಕ ಕಣಗಳಿವೆ, ಆದ್ದರಿಂದ ಅದಕ್ಕೊಂದು ಮೈ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ರಾಬರ್ಟ್ ಹಾಫ್‌ಸ್ಟಾಡ್ಟರ್ 1950ರ ದಶಕದಲ್ಲಿ ಎಲೆಕ್ಟ್ರಾನುಗಳನ್ನು ಅದಕ್ಕೆ ಹೊಡೆದು, ಅವು ಚದುರುವ ರೀತಿಯಿಂದ ಪ್ರೋಟಾನಿಗೆ ಗಾತ್ರ ಇದೆ ಅಂತ ತೋರಿಸಿದರು. 1961ರಲ್ಲಿ ಅವರಿಗೆ ನೊಬೆಲ್ ಬಂತು. ಬಹಳ ಕಾಲ ಪ್ರೋಟಾನಿನ ತ್ರಿಜ್ಯ ಸುಮಾರು 0.877 ಫೆಮ್ಟೋಮೀಟರ್ ಅಂತ ನಂಬಿದ್ದರು. ಒಂದು ಮಿಲಿಮೀಟರನ್ನು ಒಂದು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೋಮೀಟರ್. 2010ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಬದಲು ಅದರಂಥದೇ ಮ್ಯೂಆನ್ ಎಂಬ ಕಣ ಇಟ್ಟು ಅಳೆದರು. ಮ್ಯೂಆನ್ ಎಲೆಕ್ಟ್ರಾನಿಗಿಂತ 207 ಪಟ್ಟು ಭಾರ, ಪ್ರೋಟಾನಿಗೆ ತುಂಬ ಹತ್ತಿರ ಇರುತ್ತದೆ, ಹಾಗಾಗಿ ಅಳತೆ ಇನ್ನೂ ನಿಖರ. ಬಂದದ್ದು 0.842! ನೂರಕ್ಕೆ ನಾಲ್ಕು ಪಾಲು ಕಮ್ಮಿ. ಭೌತವಿಜ್ಞಾನಿಗಳು ವರ್ಷಗಟ್ಟಲೆ ತಲೆಕೆಡಿಸಿಕೊಂಡರು. 2019ರಲ್ಲಿ ಪ್ರಕಟವಾದ ಬೇರೆ ಪ್ರಯೋಗಗಳೂ ಚಿಕ್ಕ ಅಳತೆಯ ಕಡೆಗೇ ವಾಲಿದವು.

ಹಾಗಾಗಿ ಫೋಟಾನನ್ನೂ ಎಲೆಕ್ಟ್ರಾನನ್ನೂ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಅನ್ನಲು ಆಗುವುದಿಲ್ಲ. ಮಗಳು ಚಿತ್ರ ಬರೆಯುವುದಾದರೆ ಪ್ರೋಟಾನಿಗೆ ಅಂಚು ಮಸುಕಾದ ಒಂದು ಉಂಡೆ ಬರೆಯಲಿ, ಎಲೆಕ್ಟ್ರಾನಿಗೆ ಒಂದು ಚುಕ್ಕಿ ಇಡಲಿ. ಫೋಟಾನಿಗೆ ಮಾತ್ರ ಉಂಡೆ ಬೇಡ. ಒಂದು ಅಲೆ ಬರೆದು, ಪಕ್ಕದಲ್ಲಿ ಅದರ ತರಂಗಾಂತರ ಬರೆಯಲಿ. ನಮ್ಮ ಕ್ಲಾಸಿನಲ್ಲಿ ನಾನು ಹಾಗೇ ಬರೆಸುತ್ತೇನೆ.