ಹತ್ತನೇ ಕ್ಲಾಸಿಗೇ ಕ್ವಾಂಟಮ್ ಕೋರ್ಸ್ ಬೇಕಾ?

ಮಗಳು ಹತ್ತನೇ ಕ್ಲಾಸು, ಕ್ವಾಂಟಮ್ (ಪರಮಾಣು, ಬೆಳಕಿನ ಕಣಗಳಂಥ ಅತಿ ಸಣ್ಣ ವಸ್ತುಗಳ ಭೌತಶಾಸ್ತ್ರ) ಓದ್ತೀನಿ ಅಂತಾಳೆ, ಈಗಲೇ ಆನ್‌ಲೈನ್ ಕೋರ್ಸಿಗೆ ಸೇರಿಸಲಾ ಅಂತ ಕೇಳಿದ್ದೀರಿ. ಸುಮ್ನೆ ದುಡ್ಡು ಸುರಿಯಬೇಡಿ ಸರ್.

ಬದಲಿಗೆ ಮೂರು ಪೋಲರಾಯ್ಡ್ ಹಾಳೆ ತಂದುಕೊಡಿ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ. ಎರಡನ್ನು ಒಂದಕ್ಕೊಂದು ಅಡ್ಡವಾಗಿಟ್ಟರೆ ಬೆಳಕು ದಾಟುವುದಿಲ್ಲ, ಕತ್ತಲೆ. ಮೂರನೆಯದನ್ನು ಅವುಗಳ ಮಧ್ಯೆ 45 ಡಿಗ್ರಿ ಓರೆಯಾಗಿ ತೂರಿಸಲಿ. ಬೆಳಕು ಮತ್ತೆ ದಾಟಿ ಬರುತ್ತದೆ! ಅಡ್ಡಿ ಜಾಸ್ತಿ ಮಾಡಿದರೆ ಬೆಳಕು ಜಾಸ್ತಿ ಆಗುತ್ತೆ, ವಿಚಿತ್ರ ಅಲ್ವಾ? ಅಲೆಯ ಲೆಕ್ಕದಲ್ಲೂ ಇದನ್ನು ವಿವರಿಸಬಹುದು, ನಿಜ. ಆದರೆ ಬೆಳಕಿನ ಕಣಗಳಾದ ಫೋಟಾನುಗಳನ್ನು ಒಂದೊಂದಾಗಿ ಕಳಿಸಿದರೆ ಏನಾಗಬಹುದು ಅಂತ ಅವಳನ್ನೇ ಕೇಳಿ. ಕ್ವಾಂಟಮ್ ಶುರುವಾಗುವುದೇ ಆ ಪ್ರಶ್ನೆಯಿಂದ.

ಪಿಯುಸಿಯಲ್ಲಿ ಪಿಸಿಎಂ ತಗೊಳ್ಳಲಿ. ಮ್ಯಾಟ್ರಿಕ್ಸ್, ಸಂಭವನೀಯತೆ ಗಟ್ಟಿಯಾಗಿರಲಿ, ಜೊತೆಗೆ ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್.

ಕೆಲಸ ಸಿಗುತ್ತಾ ಅಂದಿರಿ. ಕೇಂದ್ರ ಸರ್ಕಾರ 2023ರಲ್ಲಿ ಸುಮಾರು 6,000 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲೇ ಇದೆ. ಭೌತಶಾಸ್ತ್ರದವರಷ್ಟೇ ಅಲ್ಲ, ಎಲೆಕ್ಟ್ರಾನಿಕ್ಸ್, ಲೇಸರ್, ಸಾಫ್ಟ್‌ವೇರ್ ಬಲ್ಲವರೂ ಈ ಕ್ಷೇತ್ರಕ್ಕೆ ಬೇಕು. ಐಐಎಸ್‌ಸಿ ಓಪನ್ ಡೇ ದಿನ, ಅಂದರೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ, ಕರೆದುಕೊಂಡು ಹೋಗಿ. ಬೆಳಗ್ಗೆ ಬೇಗ ಹೊರಡಿ, ಜನಜಂಗುಳಿ ವಿಪರೀತ.