ದನ ಎಲ್ಲಿ ಕಟ್ಟುತ್ತಿದ್ದರು?

ಪ್ರಿಯ ಲೇಖಕಿಯವರಿಗೆ,

ವೇಲ್ಸಿನ ಹಳೆಯ ರೈತಮನೆಗಳ ಬಗ್ಗೆ ನೀವು ಕಳಿಸಿದ ಬರಹ ಓದಿದೆ. ಹಳೆಯ ಮನೆಗಳನ್ನು ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿರುವ, ಕಾರ್ಡಿಫ್ ಪಕ್ಕದ ಸೇಂಟ್ ಫೇಗನ್ಸ್ ಮ್ಯೂಸಿಯಂಗೆ ಮಳೆಯಲ್ಲೇ ಹೋಗಿ, ಎರಡು ಮನೆ ನೋಡಿ ಬಂದು ಬರೆದಿದ್ದೀರಿ. ಕನ್ನಡ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ನನಗೆ ಮನಸ್ಸಿಲ್ಲ. ಅದರಲ್ಲಿನ ಒಂದು ವಾಕ್ಯ ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ.

ಕಿಲೆವೆಂಟ್ ಮನೆಯ ಬಗ್ಗೆ ನೀವು ಬರೆದದ್ದು: 'ಪಾಪ, ಅಂದಿನ ಬಡ ರೈತರು ದನಕರುಗಳೊಂದಿಗೆ ಒಂದೇ ಸೂರಿನಡಿ ದುಸ್ತರ ಬದುಕು ಸಾಗಿಸುತ್ತಿದ್ದರು.'

ಒಂದೊಂದೇ ಪದ ನೋಡೋಣ.

'ಅಂದಿನ' ಅಂದರೆ ಎಂದಿನ? ಆ ಮನೆ ಮೊದಲು ಎದ್ದದ್ದು 1470ರ ಸುಮಾರಿಗೆ, ಬಾಗಿದ ಮರದ ದಿಮ್ಮಿಗಳ ಜೋಡಿಗಳ ಮೇಲೆ. 1734ರಲ್ಲಿ ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿದರು. ನಡುವೆ ಎರಡೂವರೆ ಶತಮಾನಕ್ಕೂ ಜಾಸ್ತಿ ಕಾಲ ಇದೆ. ನಿಮ್ಮ 'ಅಂದು' ಅಷ್ಟನ್ನೂ ನುಂಗಿಬಿಟ್ಟಿದೆ.

'ಬಡ' ಅಂತ ನಿಮಗೆ ಹೇಳಿದವರು ಯಾರು? ಆ ಮನೆ ಮೊದಲು ಇದ್ದ ಗುಡ್ಡಗಾಡಿನ ಕ್ಲೈರ್ವೆನ್ ಕಣಿವೆಯಲ್ಲಿ ದನವೇ ಆಸ್ತಿ. ದನ ಇದ್ದವರ ಮನೆ ಅದು. ಇನ್ನೊಂದು ವಿಷಯ ಗಮನಿಸಿ. 1734ರಲ್ಲಿ ಕಲ್ಲು ಹೊತ್ತು ಹೊಸ ಗೋಡೆ ಎಬ್ಬಿಸಿದಾಗಲೂ ಅವರು ದನಗಳನ್ನು ಹೊರಗೆ ಹಾಕಲಿಲ್ಲ. ಒಳಗೇ ಇಟ್ಟುಕೊಂಡರು. ಯಾಕೆ? ನಿಮ್ಮ ಇಡೀ ಬರಹ ಈ ಪ್ರಶ್ನೆಯ ಸುತ್ತ ಇರಬೇಕಿತ್ತು.

'ದನಕರುಗಳೊಂದಿಗೆ'. ಹೇಗೆ? ಒಂದೇ ಕೋಣೆಯಲ್ಲಾ? ಅಲ್ಲ. ಅದು ಉದ್ದಮನೆ. ವೆಲ್ಷ್ ಭಾಷೆಯಲ್ಲಿ 'ಟೀ ಹೀರ್' ಅನ್ನುತ್ತಾರೆ, ಅರ್ಥವೂ ಅದೇ. ಜನಕ್ಕೂ ದನಕ್ಕೂ ಬಾಗಿಲು ಒಂದೇ. ಒಳಗೆ ಹೋದ ಮೇಲೆ ಒಂದು ಕಡೆ ಒಲೆ, ಜನ. ಇನ್ನೊಂದು ಕಡೆ ದನ. ಇಂಥ ಮನೆಗಳನ್ನು ಇಳಿಜಾರಿನ ಉದ್ದಕ್ಕೆ ಕಟ್ಟುತ್ತಿದ್ದರು, ಕೊಟ್ಟಿಗೆ ಕೆಳಗಿನ ತುದಿಗೆ. ಗಂಜಲ, ತೊಳೆದ ನೀರು ಒಲೆಯ ಕಡೆ ಬರದೆ ಕೆಳಗೆ ಹರಿದುಹೋಗಲಿ ಅಂತ. ಎಷ್ಟು ಯೋಚನೆ ಮಾಡಿ ಕಟ್ಟಿದ ಮನೆ! ಕೊಟ್ಟಿಗೆಗೆ ಅವರ ಪದ 'ಬೇಯ್ಡಿ'. ಅದರ ಕೊನೆಯಲ್ಲೂ 'ಟೀ' ಇದೆ, 'ಡಿ' ಆಗಿ ಬದಲಾಗಿದೆ ಅಷ್ಟೆ; ಅಂದರೆ ಮನೆ. ದನದ ಮನೆ.

'ದುಸ್ತರ'. ಚಳಿಗಾಲದ ರಾತ್ರಿ, ಹೊರಗೆ ಬಿಡದ ಮಳೆ, ಒಳಗೆ ಆಕಳು ಈಯಲು ಒದ್ದಾಡುತ್ತಿದೆ ಅಂದುಕೊಳ್ಳಿ. ದೀಪ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಸಾಕು, ಅದರ ಹತ್ತಿರ ಇರುತ್ತೀರಿ. ಅದರ ಮೈಯ ಬಿಸಿ ಮನೆಗೂ ಸಿಗುತ್ತದೆ. ಇದರಲ್ಲಿ ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದಕ್ಕೆ 'ದುಸ್ತರ' ಅನ್ನುವ ಒಂದೇ ಪದ ಸಾಕಾಗುವುದಿಲ್ಲ, ಅಲ್ವಾ?

'ಪಾಪ' ಅನ್ನುವುದನ್ನು ಕೊನೆಗೆ ಇಟ್ಟುಕೊಂಡೆ. ನನಗೆ ನೋವಾದದ್ದು ಅದರಿಂದ.

ನಾನು ಹುಟ್ಟಿದ್ದು ಧಾರವಾಡದ ಕಡೆ ಒಂದು ಹಳ್ಳಿಯಲ್ಲಿ. ತಲಬಾಗಿಲು ದಾಟಿದರೆ ಮೊದಲು ದಂದಕ್ಕಿ, ಅಂದರೆ ದನ ಕಟ್ಟುವ ಜಾಗ. ಎರಡು ಎತ್ತು, ಒಂದು ಆಕಳು, ಅದರ ಕರು. ಮೊಣಕಾಲೆತ್ತರ ಮೇಲೆ ಪಡಸಾಲೆ, ಅಲ್ಲಿ ನಾವು. ಗ್ವಾದಲಿಯಲ್ಲಿ, ಅಂದರೆ ಮೇವು ಹಾಕುವ ತೊಟ್ಟಿಯಲ್ಲಿ, ಎತ್ತು ಕಣಿಕಿ ಮುರಿಯುವ ಸಪ್ಪಳ ಕೇಳುತ್ತಲೇ ನಿದ್ದೆ ಬರುತ್ತಿತ್ತು. ರಾತ್ರಿ ಸಪ್ಪಳ ನಿಂತರೆ ಅವ್ವ ಎದ್ದು ಕೂಡುತ್ತಿದ್ದಳು.

ಇಪ್ಪತ್ತೆರಡನೇ ವಯಸ್ಸಿಗೆ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಸೇರಿದೆ. ನಮ್ಮ ಮನೆಯ ಬಗ್ಗೆ ಒಂದು ಲೇಖನ ಬರೆದೆ. ಕಂಬ, ತೊಲೆ, ಬಾಗಿಲ ಕೆತ್ತನೆ, ದೇವರ ಮಾಡ ಎಲ್ಲ ಇತ್ತು. ದಂದಕ್ಕಿ ಇರಲಿಲ್ಲ. ಪಟ್ಟಣದ ಗೆಳೆಯರು ಓದುತ್ತಾರೆ ಅನ್ನುವ ನಾಚಿಕೆಗೆ ಬಿಟ್ಟಿದ್ದೆ. ನನ್ನ ಮೇಲಿನ ಹಿರಿಯರು ಓದಿ ಮುಗಿಸಿ, ಕನ್ನಡಕ ತೆಗೆದು, 'ದನ ಎಲ್ಲಿ ಕಟ್ಟತಿದ್ರಪ್ಪಾ?' ಅಂತ ಕೇಳಿದರು. ನನಗೆ ಬಾಯಿ ಬರಲಿಲ್ಲ. ಅವರು ಬೈಯಲಿಲ್ಲ. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬಾಗಿಲಿನ ಗುರುತು ಹಾಕಿ, 'ಇಲ್ಲಿಂದ ನಡಿ. ಕಾಲಿಗೆ ಏನೇನು ಸಿಗತದ ಅದನ್ನ ಬರಿ' ಅಂದರು. ಆ ರಾತ್ರಿ ಪೂರ್ತಿ ಕೂತು ಮತ್ತೆ ಬರೆದೆ. ಅಚ್ಚಾದದ್ದು ಅದೇ. ಅವ್ವನಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: 'ಕರುವಿನ ಬಗ್ಗೆ ಇಷ್ಟೇನಾ?'

ಕೆನಿಕ್ಸ್‌ಟನ್ ಮನೆಯ ಬಗ್ಗೆಯೂ ಒಂದು ಮಾತು. 'ಕಣ್ಮನ ಸೆಳೆಯುವ ಸುಂದರ ಕೆಂಪು ಗೋಡೆ' ಅಂತ ಬರೆದು ಮುಂದೆ ಹೋಗಿದ್ದೀರಿ. ಗೌವರ್ ಪ್ರದೇಶದಲ್ಲಿ 1610ರಲ್ಲಿ ಕಟ್ಟಿದ ಆ ಮನೆಗೆ ಕೆಂಪು ಬಳಿದದ್ದು ಚಂದಕ್ಕಲ್ಲ. ಕೆಂಪು ಬಣ್ಣ ದುಷ್ಟಶಕ್ತಿಗಳನ್ನು ದೂರ ಇಡುತ್ತದೆ ಅನ್ನುವ ನಂಬಿಕೆ ಅವರದು. 'ಸುಂದರ' ಅನ್ನುವ ಪದ ಆ ಜನರ ಭಯವನ್ನು ಮುಚ್ಚಿಬಿಟ್ಟಿತು. ಒಲೆಯ ಪಕ್ಕದಲ್ಲೇ ಕಪಾಟಿನಂಥ ಮಂಚ ಇದೆಯಲ್ಲ, ಅದನ್ನು ನೀವು ನೋಡಿಯೇ ಇರುತ್ತೀರಿ. ಬರಹದಲ್ಲಿ ಯಾಕಿಲ್ಲ?

ಉಳಿದ ಭಾಗದ ಬಗ್ಗೆ ನನಗೆ ತಕರಾರಿಲ್ಲ. ಕೆನಿಕ್ಸ್‌ಟನ್ ಅನ್ನು ಬೇರೆ ಬರಹಕ್ಕೆ ಇಟ್ಟುಕೊಳ್ಳಿ. ಕಿಲೆವೆಂಟ್‌ಗೆ ಇನ್ನೊಮ್ಮೆ ಹೋಗಿ. ಬಾಗಿಲಲ್ಲಿ ನಿಂತು ಮೊದಲು ಕೊಟ್ಟಿಗೆಯ ಕಡೆ ತಿರುಗಿ. ನೆಲ ಯಾವ ಕಡೆ ವಾಲಿದೆ, ಒಲೆಯಿಂದ ದನದವರೆಗೆ ಎಷ್ಟು ಹೆಜ್ಜೆ, ಕತ್ತಲು ಎಷ್ಟು, ಎಲ್ಲ ಬರೆದುಕೊಂಡು ಬನ್ನಿ. ಮತ್ತೆ ಬರೆದು ನೇರವಾಗಿ ನನಗೇ ಕಳಿಸಿ. ಆ ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ.

ಪ್ರೀತಿಯಿಂದ,
ಸಂಪಾದಕ