ಮರದ ಕೊಳಲಿನ ಕೀ ಗಾಳಿ ಸೋರುತ್ತಿದ್ದರೆ ತಪ್ಪು ಪ್ಯಾಡಿನದೇನಾ?

ನೀವೇ ಕಡೆದ ಕೊಳಲಿಗೆ ಕೀ (ತೂತು ಮುಚ್ಚಿ ತೆರೆಯುವ ಲೋಹದ ಸನ್ನೆ) ಕೂರಿಸಿ, ಅದರ ತುದಿಯ ಮೆತ್ತೆಯಾದ ಪ್ಯಾಡನ್ನು ಎರಡು ಸಲ ಬದಲಿಸಿದರೂ ಕೆಳಗಿನ ಸ್ವರಗಳು ಬರುತ್ತಿಲ್ಲ ಅಂದಿದ್ದೀರಿ. ಮೂರನೇ ಪ್ಯಾಡ್ ಹಾಕಬೇಡಿ. ನನ್ನ ಮೊದಲ ಕೊಳಲಿಗೆ ನಾಲ್ಕು ಹಾಕಿ ಕೈಸುಟ್ಟುಕೊಂಡಿದ್ದೇನೆ. ಬಹುತೇಕ ತಪ್ಪು ಪ್ಯಾಡಿನದಲ್ಲ, ಅದು ಕೂರುವ ಜಾಗದ್ದು.

ಮೊದಲು ಸೋರಿಕೆ ಹಿಡಿಯಿರಿ. ಕೀ ಇರುವ ತುಂಡನ್ನು ಬಿಡಿಸಿ, ಬೆರಳಿನ ತೂತುಗಳಿಗೆ ಟೇಪ್ ಸುತ್ತಿ, ಒಂದು ತುದಿಯನ್ನು ಅಂಗೈಯಿಂದ ಮುಚ್ಚಿ ಇನ್ನೊಂದು ತುದಿಯಿಂದ ಗಾಳಿ ಎಳೆಯಿರಿ. ಸರಿಯಿದ್ದರೆ ತುಟಿ ಅಂಟಿಕೊಂಡು ನಿಲ್ಲುತ್ತದೆ. ನಿಲ್ಲದಿದ್ದರೆ ಪ್ಯಾಡಿನ ತಲೆಯನ್ನು ಬೆರಳಿಂದ ಒತ್ತಿ ಹಿಡಿದು ಮತ್ತೆ ಎಳೆಯಿರಿ. ಈಗ ನಿಂತರೆ ಸ್ಪ್ರಿಂಗ್ ಸಾಲುತ್ತಿಲ್ಲ, ಇಲ್ಲಾ ಕೀ ಓರೆಯಾಗಿ ಇಳಿಯುತ್ತಿದೆ. ಆಗಲೂ ನಿಲ್ಲದಿದ್ದರೆ ಪ್ಯಾಡ್ ಕೂರುವ ತೂತಿನ ಅಂಚನ್ನು ನೋಡಿ. ಸಿಗರೇಟ್ ಪೇಪರಿನ ಸಣ್ಣ ಪಟ್ಟಿಯನ್ನು ಪ್ಯಾಡಿನ ಕೆಳಗೆ ನಾಲ್ಕೂ ಕಡೆ ಸಿಕ್ಕಿಸಿ ಮೆಲ್ಲಗೆ ಎಳೆದರೆ ಎಲ್ಲಿ ಸುಮ್ನೆ ಜಾರಿ ಬರುತ್ತದೋ ಅಲ್ಲೇ ಸಂದು.

ಕೊಳಲಿನ ಮೈ ದುಂಡು, ಪ್ಯಾಡ್ ಚಪ್ಪಟೆ. ಹಾಗಾಗಿ ತೂತಿನ ಸುತ್ತ ಸಮತಟ್ಟು ಮಾಡಿ ಕಿರಿದಾದ ಅಂಚು ಬಿಡಬೇಕು. ಇದನ್ನು ಡ್ರಿಲ್ ಮೆಷಿನ್‌ನಲ್ಲಿ ಮಾಡಿದರೆ ಮರದ ಎಳೆ ಕಿತ್ತು ಬರುತ್ತದೆ, ಅಂಚು ಕೊರೆಯುವ ಕಟ್ಟರನ್ನು ಕೈಯಲ್ಲೇ ತಿರುಗಿಸಿ. ನನ್ನನ್ನು ಎರಡು ವಾರ ಸತಾಯಿಸಿದ್ದು ಮಾತ್ರ ಬೇರೆಯದೇ. ಅಂಚು ಕನ್ನಡಿಯಷ್ಟು ಸಮ, ಆದರೂ ಸೋರಿಕೆ! ಆಮೇಲೆ ಗೊತ್ತಾಯಿತು, ಮರದ ಎಳೆಯುದ್ದಕ್ಕೂ ಇರುವ ಸಣ್ಣ ರಂಧ್ರಗಳ ಮೂಲಕ ಗಾಳಿ ಪ್ಯಾಡಿನ ಅಡಿಯಲ್ಲೇ ನುಸುಳಿ ಹೋಗುತ್ತಿತ್ತು. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಎರಡು ಸಲ ಬಳಿದು ಉಜ್ಜಿದ ಮೇಲೆ ನಿಂತಿತು.

ಅಂಚು ಸರಿಯಿದ್ದರೆ ಕೀಯನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಪ್ಯಾಡ್ ಪ್ರತಿ ಸಲ ಬೇರೆ ಜಾಗಕ್ಕೆ ಇಳಿಯುತ್ತದೆ, ಅದರ ಮೇಲೆ ಒಂದೇ ಅಚ್ಚು ಬೀಳುವುದೇ ಇಲ್ಲ. ನಾನು ಮಾಡುವುದು ಹೀಗೆ: ಕೀ ಹಿಡಿಯುವ ಮರದ ಉಬ್ಬಿಗೆ ಮೊದಲು ಕೀ ತಿರುಗುವ ಪಿನ್ನಿನ ತೂತು, ಆಮೇಲೆ ಕೀ ಕೂರುವ ಸೀಳು. ಕೀಯನ್ನು ಸೀಳಿನಲ್ಲಿಟ್ಟು, ಪ್ಯಾಡಿನ ಕಡೆ ಒತ್ತಿ ಕಟ್ಟಿ, ಉಬ್ಬಿನ ತೂತಿನ ಮೂಲಕವೇ ಕೀಗೂ ಡ್ರಿಲ್ ಹಾಕುತ್ತೇನೆ. ಆಗ ಎರಡೂ ತೂತು ಒಂದೇ ಗೆರೆಗೆ ಬರುತ್ತವೆ. ಹಾಗಂತ ಸೀಳು ಜಾಸ್ತಿ ಬಿಗಿ ಬೇಡ. ತೇವಕ್ಕೆ ಮರ ಉಬ್ಬಿದರೆ ಕೀ ಸಿಕ್ಕಿಹಾಕಿಕೊಳ್ಳುತ್ತದೆ.

ಕೀ ಜರ್ಮನ್ ಸಿಲ್ವರ್‌ದಾ? (ಹೆಸರಷ್ಟೇ ಸಿಲ್ವರ್, ಇರುವುದು ತಾಮ್ರ, ನಿಕ್ಕಲ್, ಸತು.) ಕೀಯ ಭಾಗಗಳನ್ನು ಜೋಡಿಸುವ ಬೆಳ್ಳಿ ಬೆಸುಗೆ ಕರಗಲು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು, ಆ ಬೆಂಕಿಗೆ ಲೋಹ ಮೆತ್ತಗಾಗುತ್ತದೆ. ಬೆಸುಗೆಯ ಜಾಗ ಬಿಟ್ಟು ಕೀಯ ತೋಳನ್ನು ಸುತ್ತಿಗೆಯಿಂದ ಸಣ್ಣಗೆ ತಟ್ಟಿ ಗಟ್ಟಿ ಮಾಡಿ, ಇಲ್ಲದಿದ್ದರೆ ನುಡಿಸುವಾಗಲೇ ಬಾಗುತ್ತದೆ.

ಅಂಚಿನದೋ ಓರೆ ಕೀಯದೋ ಸೋರಿಕೆ ಮುಚ್ಚಲೂ ಸ್ಪ್ರಿಂಗನ್ನು ಬಿಗಿ ಮಾಡುವವರಿದ್ದಾರೆ. ಬೆರಳು ನೋಯುತ್ತದೆ ಅಷ್ಟೇ.

ಪ್ಯಾಡ್ ಎಲ್ಲಕ್ಕಿಂತ ಕೊನೆಗೆ. ಕೀಯ ತುದಿಯಲ್ಲಿ ಪ್ಯಾಡ್ ಕೂರುವ ಬಟ್ಟಲಿನೊಳಗೆ ಅರಗು ಹಾಕಿ, ಬಿಸಿ ಮಾಡಿ, ಚರ್ಮದ ಪ್ಯಾಡ್ ಇಟ್ಟು, ಅರಗು ಇನ್ನೂ ಮೆತ್ತಗಿರುವಾಗಲೇ ಕೀ ಮುಚ್ಚಿ ಹಗುರವಾಗಿ ಒತ್ತಿ. ಪ್ಯಾಡ್ ತಾನೇ ತನ್ನ ಓರೆ ಸರಿ ಮಾಡಿಕೊಂಡು ಕೂರುತ್ತದೆ. ತಣ್ಣಗಾದ ಮೇಲೆ ತೆಗೆದು ನೋಡಿ, ಚರ್ಮದ ಮೇಲೆ ಪೂರ್ತಿ ಉಂಗುರದ ಗುರುತು ಬಿದ್ದಿರಬೇಕು. ಎಲ್ಲಾದರೂ ತುಂಡಾಗಿದ್ದರೆ ಯಾವ ಕಡೆ ಅಂತ ಬರೆಯಿರಿ, ನೋಡೋಣ.